ಬಿಟ್ಟವರ ಬೀಡು, ಉಳಿದವರ ಊರು

ಹಳೇಬೀಡು ಎಂಬ ಹೆಸರಿಗೆ ಪ್ರವಾಸಿ ಕೈಪಿಡಿಗಳು ಕೊಡುವ ಅರ್ಥ ಬಹುಮಟ್ಟಿಗೆ ಒಂದೇ: ಹಾಳಾದ ಊರು, ಪಾಳುಬಿದ್ದ ರಾಜಧಾನಿ. ಶಾಲೆಯ ಮಕ್ಕಳು ಅದನ್ನೇ ಬರೆದುಕೊಂಡು ಹೋಗುತ್ತಾರೆ. ಈ ಅರ್ಥವನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಹೆಸರಿನಲ್ಲಿರುವುದು ಎರಡು ಮಾತು, ಹಳೆ ಮತ್ತು ಬೀಡು. ಹಳೆಯದೆಲ್ಲ ಹಾಳೇನೂ ಅಲ್ಲ. ಇನ್ನು ಬೀಡು ಎಂಬುದು ಒಂದೇ ಅರ್ಥದಲ್ಲಿ ಕಟ್ಟಿಹಾಕಿಸಿಕೊಳ್ಳುವ ಪದವಲ್ಲ. ಸಾವಿರ ವರ್ಷದಲ್ಲಿ ಅದು ದಂಡಿನ ಜೊತೆ ನಡೆದಿದೆ, ಅರಸರ ಜೊತೆ ಕೂತಿದೆ, ರೈತರ ಹೊಲದಲ್ಲಿ ಉಳುಮೆಯಿಲ್ಲದೆ ಮಲಗಿದೆ, ಮದುವೆಮನೆಯ ಪಕ್ಕದ ಬೀದಿಯಲ್ಲಿ ಬೀಗರಿಗೆ ಹಾಸಿಗೆ ಹಾಸಿದೆ.

ಮೂಲ ಬಿಡು ಎಂಬ ಕ್ರಿಯಾಪದ. ಕನ್ನಡದಲ್ಲಿ ಕೆಲವು ಕ್ರಿಯೆಗಳ ಮೊದಲ ಸ್ವರವನ್ನು ಎಳೆದರೆ ಅದು ನಾಮಪದವಾಗುತ್ತದೆ: ಕೆಡು ಎಂಬುದು ಕೇಡು, ಪಡು ಎಂಬುದು ಪಾಡು, ಇಡು ಎಂಬುದು ಈಡು. ಅದೇ ದಾರಿಯಲ್ಲಿ ಬಿಡು ಎಂಬುದು ಬೀಡು. ಬಿಡುವುದೆಂದರೆ ತೊರೆಯುವುದು. ಹಾಗಿದ್ದೂ ಅದರಿಂದ ಹುಟ್ಟಿದ ನಾಮಪದ ನೆಲೆಸುವ ಜಾಗಕ್ಕೆ ಹೆಸರಾಯಿತು. ವಿಚಿತ್ರವೆನಿಸಿದರೂ ಇದರ ಹಿಂದಿನ ಚಿತ್ರ ಸರಳ. ನಡೆಯುತ್ತಿದ್ದ ದಂಡು ಸಂಜೆಗೆ ನಿಲ್ಲುತ್ತದೆ. ಎತ್ತಿನ ನೊಗ ಬಿಡುತ್ತಾರೆ, ಕುದುರೆಯ ಜೀನು ಬಿಡುತ್ತಾರೆ, ಹೇರು ಬಿಡುತ್ತಾರೆ. ಹೊತ್ತದ್ದನ್ನು ಬಿಟ್ಟ ಜಾಗ ಬೀಡು. ಇಂದಿಗೂ ನಾವು ಬೀಡುಬಿಟ್ಟರು ಎನ್ನುವಾಗ ಒಂದೇ ಧಾತುವನ್ನು ಎರಡು ಸಲ ಆಡುತ್ತೇವೆ, ಕಿವಿಗೆ ಅದು ಪುನರುಕ್ತಿಯಾಗಿ ತಾಗುವುದೇ ಇಲ್ಲ.

ಶಾಸನಗಳ ಭಾಷೆ ಬೀಡಿನ ಒಳಗೇ ಒಂದು ಗೆರೆ ಎಳೆಯಿತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅಪ್ಪಯಣವೀಡು ಎಂಬ ಮಾತು ಬರುತ್ತದೆ. ಅರಸ ದಂಡಿನೊಡನೆ ಹೊರಟಾಗ ದಾರಿಯಲ್ಲಿ ಊರುವ ಡೇರೆಗಳ ಜಾಗ ಅದು. ಇನ್ನೊಂದು ಮಾತು ನೆಲೆವೀಡು. ನೆಲೆಗೆ ಬೀಡು ಸೇರಿ ಬಕಾರ ವಕಾರವಾದದ್ದು, ನಮ್ಮ ವ್ಯಾಕರಣದ ಆದೇಶ ಸಂಧಿ. ಇಂದಿನ ಹಳೇಬೀಡಾದ ದೋರಸಮುದ್ರದ ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ಅರಸ ಆಳುತ್ತಿದ್ದ ಎಂಬ ಒಕ್ಕಣೆ ಹೊಯ್ಸಳರ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವುತ್ತ ಹೋದವರಿಗೆ ಈ ಪದ ಬಾಯಿಪಾಠವಾಗಿಬಿಡುತ್ತದೆ. ನೆಲೆವೀಡು ಎಂದರೆ ರಾಜಧಾನಿ ಎಂದು ನಾವು ಅರ್ಥ ಬರೆಯುತ್ತೇವೆ, ತಪ್ಪಲ್ಲ. ಆದರೆ ಅದರ ಬಿಡಿ ಅರ್ಥ ನೆಲೆನಿಂತ ಡೇರೆ. ರಾಜಧಾನಿ ಕೂಡ ಬೇರೂರಿದ ಒಂದು ತಂಗುದಾಣವೇ ಎಂಬ ತಿಳಿವಳಿಕೆ ಆ ಪದದ ಒಳಗೇ ಇದೆ.

ಹೊಯ್ಸಳರ ಮಟ್ಟಿಗೆ ಅದು ದಿಟವೂ ಹೌದು. ಅವರ ಮೊದಲ ನೆಲೆ ಸೊಸೆವೂರು, ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಮೇಲೆ ಬೇಲೂರು, ಅಲ್ಲಿಂದ ಹದಿನಾರು ಕಿಲೋಮೀಟರು ಆಚೆಯ ದೋರಸಮುದ್ರ. ಹದಿಮೂರನೆಯ ಶತಮಾನದಲ್ಲಿ ವೀರಸೋಮೇಶ್ವರ ದೋರಸಮುದ್ರವನ್ನು ಬಿಟ್ಟು ತಮಿಳುನಾಡಿನ ಶ್ರೀರಂಗದ ಬಳಿಯ ಕಣ್ಣಾನೂರಿನಲ್ಲೇ ಹೆಚ್ಚು ಕಾಲ ಇದ್ದ. ಮಲೆಯಿಂದ ಇಳಿದು ಬಂದ ಈ ಮನೆತನ ಬೀಡನ್ನು ಎತ್ತುತ್ತ, ಊರುತ್ತ, ಮತ್ತೆ ಎತ್ತುತ್ತ ಬೆಳೆಯಿತು.

ಬೀಡಿನ ಅಣ್ಣತಮ್ಮಂದಿರು ಪಕ್ಕದ ಭಾಷೆಗಳಲ್ಲಿ ಚೆನ್ನಾಗಿ ಬಾಳುತ್ತಿದ್ದಾರೆ. ತಮಿಳಿಗರಿಗೂ ಮಲೆಯಾಳಿಗಳಿಗೂ ವೀಡು ಎಂದರೆ ಮನೆ, ಅಷ್ಟೇ. ಅಲ್ಲಿ ಡೇರೆಯ ನೆನಪು ಅಳಿಸಿಹೋಗಿ ಸೂರಿನ ಅರ್ಥ ಗಟ್ಟಿಯಾಗಿದೆ. ಆದರೆ ಮುರುಗನ ಆರು ಕ್ಷೇತ್ರಗಳನ್ನು, ಪಳನಿ, ತಿರುಚೆಂದೂರು, ಸ್ವಾಮಿಮಲೆ ಮೊದಲಾದವನ್ನು, ತಮಿಳರು ಆರುಪಡೈ ವೀಡು ಎನ್ನುತ್ತಾರೆ. ಪಡೈ ಎಂದರೆ ಪಡೆ. ಸೂರಪದ್ಮನೆಂಬ ಅಸುರನ ಮೇಲೆ ಹೊರಟ ದೇವರ ದಂಡು ಇಳಿದ ಜಾಗಗಳವು. ಭಕ್ತರ ಬಾಯಲ್ಲಿ ಡೇರೆಯ ಅರ್ಥ ಹೀಗೆ ಉಳಿದುಕೊಂಡಿತು. ತಮಿಳಿನಲ್ಲಿ ವೀಡು ಎಂದರೆ ಮೋಕ್ಷವೂ ಹೌದು, ಧರ್ಮಾರ್ಥಕಾಮಗಳ ನಂತರದ ನಾಲ್ಕನೆಯದು. ಹೊತ್ತದ್ದನ್ನೆಲ್ಲ ಬಿಟ್ಟರೆ ಅದೇ ಬಿಡುಗಡೆ, ಅದೇ ಮನೆ. ಒಂದು ಭಾಷಾಕುಟುಂಬ ತನ್ನ ತತ್ತ್ವವನ್ನು ಇಷ್ಟು ಕಡಿಮೆ ಅಕ್ಷರಗಳಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕನ್ನಡದಲ್ಲಿ ಇದೇ ಧಾತು ಇನ್ನೊಂದು ದಿಕ್ಕಿಗೂ ಹೊರಳಿತು. ಬೀಡು ಭೂಮಿ ಎಂದರೆ ಉಳದೆ ಬಿಟ್ಟ ನೆಲ. ತೆಲುಗಿನಲ್ಲೂ ಬೀಡು ಭೂಮಿ ಅದೇ. ಬೀಡಾಡಿ ದನ ಎಂದರೆ ಹಗ್ಗವಿಲ್ಲದೆ, ಕೇಳುವವರಿಲ್ಲದೆ ತಿರುಗುವ ದನ. ಅರಸನ ಅರಮನೆ ಎಂಬ ಅರ್ಥವೂ ಯಾರೂ ಕೇಳದ ನೆಲ ಎಂಬ ಅರ್ಥವೂ ಒಂದೇ ಪದದಲ್ಲಿ ಕೂತಿವೆ. ಬೇರೆ ಊರಿನಲ್ಲಾದರೆ ಇದು ನಿಘಂಟಿನ ಕುತೂಹಲವಾಗಿ ಉಳಿಯುತ್ತಿತ್ತು. ಹಳೇಬೀಡಿನಲ್ಲಿ ಈ ಎರಡೂ ಅರ್ಥಗಳು ಒಂದೇ ನೆಲದ ಮೇಲೆ ನಡೆದುಹೋದವು.

1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. ಅಂದಿನ ಅರಸ ಮೂರನೆಯ ಬಲ್ಲಾಳ ಸಂಧಿ ಮಾಡಿಕೊಂಡ, ಕಪ್ಪ ಕೊಟ್ಟ, ಆನೆ ಕುದುರೆಗಳನ್ನು ಒಪ್ಪಿಸಿದ. 1327ರ ಸುಮಾರಿಗೆ ತುಘಲಕರ ದಂಡು ಮತ್ತೆ ಬಂತು. ಆಮೇಲೆ ಬಲ್ಲಾಳ ತಿರುವಣ್ಣಾಮಲೆಯ ಕಡೆ ನೆಲೆ ಮಾಡಿಕೊಂಡ, ಮಧುರೆಯ ಸುಲ್ತಾನರೊಡನೆ ಹೋರಾಡುತ್ತ 1342ರ ಹೊತ್ತಿಗೆ ಸತ್ತ. ಪಠ್ಯಪುಸ್ತಕದ ಕತೆ ಇಲ್ಲಿಗೆ ನಿಲ್ಲುತ್ತದೆ: ಊರು ಹಾಳಾಯಿತು, ಹಳೇಬೀಡಾಯಿತು.

ನನ್ನ ತಕರಾರು ಇಲ್ಲೇ ಇದೆ. ಒಂದು ಜಾಗವನ್ನು ಹಳೆಯ ಬೀಡು ಎಂದು ಕರೆಯುವವರು ಯಾರು? ಬಿಟ್ಟುಹೋದವರು ಕರೆಯುವುದಿಲ್ಲ, ಅವರಿಗೆ ಹೊಸ ಬೀಡಿನ ಚಿಂತೆ. ಯಾರೂ ಇಲ್ಲದ ಕಾಡಿಗೆ ಹೆಸರೇ ಬೇಕಿಲ್ಲ. ಅರಸರು ಹೊರಟ ಮೇಲೂ ಅಲ್ಲೇ ಒಲೆ ಹಚ್ಚಿದವರು, ಅಥವಾ ಸುತ್ತಲಿಂದ ಬಂದು ಆ ನೆಲದಲ್ಲಿ ನೇಗಿಲು ಊರಿದವರು, ಇದು ಹಿಂದೆ ದೊರೆಯ ಬೀಡಾಗಿತ್ತು ಎಂದು ಗುರುತಿಸಿ ಕೊಟ್ಟ ಹೆಸರು ಅದು. ದೋರಸಮುದ್ರ ಅರಸರ ಶಾಸನದ ಹೆಸರು, ಹಳೇಬೀಡು ಉಳಿದವರ ಬಾಯಿಯ ಹೆಸರು. ಅದರಲ್ಲಿ ಗೋಳು ಇಲ್ಲ. ತಾವು ಎಲ್ಲಿ ಕೂತಿದ್ದೇವೆ ಎಂಬ ಸ್ಪಷ್ಟ ಅರಿವಿದೆ.

ಆ ಉಳಿದವರು ನಗರದ ಜಾಗವನ್ನು ಹೇಗೆ ಬಳಸಿಕೊಂಡರು ಎಂಬುದನ್ನು ಇಂದಿಗೂ ನಡೆದು ನೋಡಬಹುದು. ದೋರಸಮುದ್ರದ ಕೋಟೆಗೋಡೆಯ ಭಾಗಗಳು ದೊಡ್ಡ ದೊಡ್ಡ ಕಲ್ಲುಗಳಲ್ಲಿ ಇನ್ನೂ ನಿಂತಿವೆ. ಆ ಸುತ್ತಿನ ಒಳಗೆ ಇಂದಿನ ಊರಿದೆ, ಬಸ್ ನಿಲ್ದಾಣವಿದೆ, ಶಾಲೆಯಿದೆ, ಬಸ್ತಿಹಳ್ಳಿ ಇದೆ, ಇವುಗಳ ನಡುವೆ ರಾಗಿ, ಮುಸುಕಿನ ಜೋಳ, ಆಲೂಗೆಡ್ಡೆ, ಶುಂಠಿಯ ಹೊಲಗಳು, ತೆಂಗಿನ ತೋಟಗಳು. ನಗರೇಶ್ವರದ ಕಡೆ ಪುರಾತತ್ತ್ವ ಇಲಾಖೆ ಅಗೆದಾಗ ನೆಲದಡಿಯಿಂದ ದೇಗುಲಗಳ ಅಡಿಪಾಯಗಳು ಎದ್ದುಬಂದವು. ಅರಮನೆಯ ಜಾಗ ಎಂದು ಹೇಳುವ ಬೆಣ್ಣೆಗುಡ್ಡದ ಬುಡದಲ್ಲಿ ದನ ಮೇಯುತ್ತವೆ. ಬೀಡು ಎಂಬುದರ ಎರಡು ಅರ್ಥಗಳೂ, ದೊರೆಯ ಮನೆ ಮತ್ತು ಉಳದೆ ಬಿಟ್ಟ ನೆಲ, ಅಲ್ಲಿ ಒಂದೇ ಸರ್ವೆ ನಂಬರಿನಲ್ಲಿ ಸಿಗುತ್ತವೆ.

ಕೆರೆಯ ಮಾತಂತೂ ಇನ್ನೂ ದೊಡ್ಡದು. ನಗರಕ್ಕೆ ಹೆಸರು ಕೊಟ್ಟ ಸಮುದ್ರ ಆ ಕೆರೆಯೇ. ಹೊಯ್ಸಳರಿಗಿಂತಲೂ ಹಳೆಯದು, ರಾಷ್ಟ್ರಕೂಟರ ಕಾಲದ್ದು ಎಂದು ವಿದ್ವಾಂಸರು ಎಣಿಸುತ್ತಾರೆ. ಅರಸು ಹೋಯಿತು, ಕೋಟೆಯ ಕಾವಲು ಹೋಯಿತು, ಕೆರೆ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಬರ ಬಂದಾಗ ಅದರ ಅಂಗಳ ಬಿರುಕು ಬಿಡುತ್ತದೆ, ಮಳೆ ಹಿಡಿದ ವರ್ಷ ತುಂಬುತ್ತದೆ. ಯಗಚಿಯ ನೀರನ್ನು ಇಲ್ಲಿಗೆ ತರುವ ರಣಘಟ್ಟ ಯೋಜನೆಗಾಗಿ ಈ ಭಾಗದ ರೈತರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. ರಾಜಧಾನಿಯ ಸೌಕರ್ಯವೊಂದು ಹಳ್ಳಿಯ ಜೀವನಾಧಾರವಾಗಿ ಮುಂದುವರಿದದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಇಂಥ ಊರನ್ನು ಹಾಳೂರು ಎನ್ನುವ ಧೈರ್ಯ ಹೇಗೆ ಬರುತ್ತದೆ?

ಗುಡಿಗಳದ್ದೂ ಹೀಗೆಯೇ. ವಿಷ್ಣುವರ್ಧನನ ಕಾಲದಲ್ಲಿ ಕೇತಮಲ್ಲ ಎಂಬ ಅಧಿಕಾರಿ ಮುಂದೆ ನಿಂತು 1121ರ ಹೊತ್ತಿಗೆ ಕೆಲಸ ಹಿಡಿಸಿದ ಹೊಯ್ಸಳೇಶ್ವರ ಇಂದು ಪುರಾತತ್ತ್ವ ಇಲಾಖೆಯ ಬೇಲಿಯೊಳಗಿದೆ. ಅದರಿಂದ ನಡಿಗೆಯ ದೂರದ ಬಸ್ತಿಹಳ್ಳಿಯಲ್ಲಿ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ. ಹಳ್ಳಿಗೆ ಬಸ್ತಿಹಳ್ಳಿ ಎಂಬ ಹೆಸರು ಬಂದದ್ದೇ ಬಸದಿಯಿಂದ. ಹೊಯ್ಸಳೇಶ್ವರ ಬಿಟ್ಟರೆ ಊರಲ್ಲಿ ಏನಿದೆ ಎಂದು ಕೇಳುವ ಪ್ರವಾಸಿಗೆ ವೀರಭದ್ರ, ರಂಗನಾಥ ಮೊದಲಾದ ಸಣ್ಣ ಗುಡಿಗಳು ಕಣ್ಣಿಗೆ ಬೀಳುವುದಿಲ್ಲ. ಊರಿನವರಿಗೆ ಹಬ್ಬಹುಣ್ಣಿಮೆಗೆ ಬೇಕಾದವು ಅವೇ.

ಹಳೆಯ ನಗರದೊಳಗೆ ಹಳ್ಳಿ ನೆಲೆಸಿದ ಈ ಕತೆಯ ತದ್ವಿರುದ್ಧ ಚೀನಾದ ದೊಡ್ಡ ನಗರಗಳಲ್ಲಿ ನಡೆದಿದೆ. 1980ರಲ್ಲಿ ಷೆನ್‌ಜೆನ್ ವಿಶೇಷ ಆರ್ಥಿಕ ವಲಯವಾದ ಮೇಲೆ ನಗರ ಹಳ್ಳಿಗಳ ಸುತ್ತ ಏರಿಬಂತು. ಗದ್ದೆಗಳು ಸರ್ಕಾರದ ಪಾಲಾದವು, ಮನೆಯಡಿಯ ಜಾಗ ಹಳ್ಳಿಯವರ ಕೈಯಲ್ಲಿ ಉಳಿಯಿತು. ಬೇಸಾಯ ಕಳೆದುಕೊಂಡವರು ಆ ತುಂಡು ಜಾಗದ ಮೇಲೆ ಆರೇಳು ಮಹಡಿ ಎಬ್ಬಿಸಿ ದೂರದೂರಿಂದ ಬಂದ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟರು. ಎದುರುಬದುರು ಕಿಟಕಿಗಳಿಂದ ಕೈಚಾಚಿದರೆ ನೆರೆಯವರ ಕೈ ಕುಲುಕಬಹುದಾದಷ್ಟು ಒತ್ತಾದ ಆ ಕಟ್ಟಡಗಳಿಗೆ ಅಲ್ಲಿನವರು ಕೈಕುಲುಕುವ ಮಹಡಿಗಳು ಎಂದೇ ಹೆಸರಿಟ್ಟರು. ಕೆಳಗೆ ಅಂಗಡಿ, ಮೇಲೆ ಕೋಣೆ, ಓಣಿಯಲ್ಲೇ ಅಡುಗೆ, ಹರಟೆ, ಬಟ್ಟೆ ಒಣಗಿಸುವ ತಂತಿ. ಆ ಊರುಗಳ ಹೆಸರಲ್ಲೂ ಹಳೆಯ ಬದುಕಿನ ಗುರುತಿದೆ: ಷೆನ್‌ಜೆನ್‌ನ ಷುಯಿವೇ ಎಂಬಲ್ಲಿನ ವೇ ಎಂದರೆ ಸುತ್ತುಗೋಡೆ, ಆವರಣ, ಬೀಜಿಂಗಿನ ಎಷ್ಟೋ ಬಡಾವಣೆಗಳ ಹೆಸರಿನ ಕೊನೆಗೆ ಬರುವ ಯಿಂಗ್ ಎಂದರೆ ದಂಡಿನ ಬಿಡಾರ. ಅಲ್ಲಿ ನಗರ ಹಳ್ಳಿಯನ್ನು ಸುತ್ತುವರಿಯಿತು. ಹಳೇಬೀಡಿನಲ್ಲಿ ನಗರದ ಗೋಡೆಯೊಳಗೆ ಹಳ್ಳಿ ಬೆಳೆಯಿತು. ಜನ ಮಾಡಿದ ಕೆಲಸ ಮಾತ್ರ ಎರಡೂ ಕಡೆ ಒಂದೇ: ಬೇರೆಯವರು ಬೇರೆ ಉದ್ದೇಶಕ್ಕೆ ಗೆರೆ ಹಾಕಿದ ಜಾಗವನ್ನು ತಮ್ಮ ಒಲೆಗೆ, ತಮ್ಮ ದುಡಿಮೆಗೆ ಹೊಂದಿಸಿಕೊಂಡರು.

ದಂಡಿನ ಹೆಸರು ಬಡಾವಣೆಯ ಹೆಸರಾಗುವುದು ನಮಗೂ ಹೊಸತಲ್ಲ. ಬೆಂಗಳೂರಿನ ಪಾಳ್ಯಗಳೆಲ್ಲ ಪಾಳೆಯದ ಮಕ್ಕಳು. ದಂಡು ಎಂಬ ಮಾತನ್ನು ಹಳೆಯ ಬೆಂಗಳೂರಿಗರು ಕಂಟೋನ್ಮೆಂಟಿಗೆ ಇಂದೂ ಆಡುತ್ತಾರೆ.

ಬೇಲೂರು ಬೀಡಿನ ಹೆಸರು ಹೊರದೆಯೇ ಬೀಡಾಗಿ ಉಳಿಯಿತು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದೂ ಪೂಜೆ ನಡೆಯುತ್ತದೆ, ಚೈತ್ರದಲ್ಲಿ ತೇರು ಹೊರಡುತ್ತದೆ. ತೇರು ಹೊರಡುವ ಊರಿನಲ್ಲಿ ಬೀದಿಗಳ ಅಗಲವನ್ನು ದೇವರೇ ಕಾಯುತ್ತಾನೆ ಎನ್ನಬೇಕು. ಬೀದಿ ಎಂಬ ಮಾತು ಬೀಡಿನ ಬಳಗದ್ದಲ್ಲ, ಸಂಸ್ಕೃತದ ವೀಥಿಯಿಂದ ಬಂದದ್ದು. ಬಾಯಲ್ಲಿ ಹಾಕಿಕೊಳ್ಳುವ ಬೀಡಾ ಕೂಡ ವೀಟಿಕೆಯ ಮಗಳು. ಬೀಡು ಕಬ್ಬಿಣದ ಬೀಡು ಮರಾಠಿಯ ಬೀಡ ಎಂಬ ಎರಕದ ಕಬ್ಬಿಣದ ಹೆಸರಿಗೆ ಹತ್ತಿರ. ಕಿವಿ ಒಂದೇ ಮನೆಯವರೆಂದು ಮೋಸ ಹೋಗಬಾರದು.

ಬೀಡಿನ ನಿಜವಾದ ನೆಂಟರನ್ನು, ಬಿಡುವುದನ್ನೂ ಬಿಡಾರವನ್ನೂ, ನೋಡಬೇಕಾದರೆ ಅರಸೀಕೆರೆಯ ಕಡೆ ಹೋಗಬೇಕು. ಅರಸಿಯ ಕೆರೆ ಅರಸೀಕೆರೆಯಾಯಿತು. 1220ರ ಈಶ್ವರ ದೇಗುಲ, ನಕ್ಷತ್ರದಾಕಾರದ ಅದರ ಮುಖಮಂಟಪ ಹೊಯ್ಸಳರ ನೆನಪನ್ನು ಹಿಡಿದಿವೆ. ಆದರೆ ಊರನ್ನು ನಡೆಸುವುದು ರೈಲು ಜಂಕ್ಷನ್ನು ಮತ್ತು ಕೊಬ್ಬರಿ. ಈ ಸೀಮೆಯ ರೈತರ ಮನೆಯಲ್ಲಿ ಅಟ್ಟ ಮನುಷ್ಯರಿಗಲ್ಲ, ತೆಂಗಿನಕಾಯಿಗೆ. ಕಿತ್ತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಟ್ಟುವ ಉಂಡೆಕೊಬ್ಬರಿಯಾಗುತ್ತದೆ. ಕೆಳಗೆ ಮಕ್ಕಳು ಓದಿ, ಬೆಳೆದು, ಮದುವೆಯಾಗುತ್ತಾರೆ. ಮೇಲೆ ಮನೆಯ ಸಾಲ, ಬೀಜ, ಮದುವೆಯ ಖರ್ಚು ಒಣಗುತ್ತಿರುತ್ತದೆ. ಮನೆ ಕಟ್ಟುವಾಗಲೇ ಅಟ್ಟದ ಹಲಗೆ ಎಷ್ಟು ಭಾರ ತಡೆಯಬೇಕು ಎಂದು ಲೆಕ್ಕ ಹಾಕುವ ಜನ ಇವರು.

ಸುಗ್ಗಿ ಮುಗಿದ ಮೇಲೆ ಅರಸೀಕೆರೆಯ ಒಣ ಹೊಲಗಳಿಗೆ ಕುರಿಗಾರರು ಬರುತ್ತಾರೆ. ಕೊಯ್ದು ಬರಿದಾದ ಹೊಲದಲ್ಲಿ ಬಲೆ ಕಟ್ಟಿ ಮಂದೆ ನಿಲ್ಲಿಸುತ್ತಾರೆ, ಪಕ್ಕದಲ್ಲೇ ಬಿಡಾರ ಹೂಡುತ್ತಾರೆ. ಗೊಬ್ಬರಕ್ಕಾಗಿ ಹೊಲದವನು ಕಾಳನ್ನೋ ಹಣವನ್ನೋ ಕೊಡುತ್ತಾನೆ. ಉಳುಮೆ ಬಿಟ್ಟ ನೆಲ ಕೆಲವು ರಾತ್ರಿಗಳಿಗೆ ಮನೆಯಾಗುತ್ತದೆ, ಮನೆ ಎದ್ದುಹೋದ ಮೇಲೆ ಬೆಳೆಯಾಗುತ್ತದೆ. ಮಲೆನಾಡಿನ ತೋಟಗಳ ಕಡೆ ಬಿಡಾರ ಎಂದರೆ ಘಟ್ಟದ ಕೆಳಗಿಂದ ಬಂದ ಆಳುಗಳ ಸೋಗೆಗುಡಿಸಲು. ಅಲ್ಲಿ ಆ ಮಾತಿಗೆ ಬಡತನದ ವಾಸನೆ ಅಂಟಿದೆ. ಮೇಸ್ತ್ರಿ ಬಿಡಾರ ಕೊಟ್ಟ ಎನ್ನುವುದಕ್ಕೂ ಅರಸ ಬೀಡುಬಿಟ್ಟ ಎನ್ನುವುದಕ್ಕೂ ನಡುವೆ ಎಷ್ಟು ದೂರ! ಪದದ ಬೇರು ಒಂದೇ ಆದರೂ ಅದರ ಕೆಳಗೆ ಮಲಗುವವರಿಗೆ ಸಿಕ್ಕ ಮರ್ಯಾದೆ ಒಂದೇ ಆಗಿರಲಿಲ್ಲ ಎಂಬುದನ್ನು ಪದಗಳ ಚರಿತ್ರೆ ಬರೆಯುವವರು ಮರೆಯಬಾರದು.

ಈ ಬಳಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಬಿಡದಿ. ಮದುವೆಗೆ ಗಂಡಿನ ಕಡೆಯವರು ಬಂದಿಳಿಯುವ ಮನೆ ಅದು. ಛತ್ರಗಳ ಕಾಲಕ್ಕೆ ಮುಂಚೆ ಹೆಣ್ಣಿನ ಮನೆಯ ಬೀದಿಯಲ್ಲೇ ಯಾರದ್ದೋ ಒಂದು ಮನೆಯನ್ನು ಬಿಡದಿಗೆ ಕೇಳಿಕೊಳ್ಳುತ್ತಿದ್ದರು. ಮನೆಯವರು ತಮ್ಮ ಪಾತ್ರೆಪಡಗವನ್ನು ಒಂದು ಕೋಣೆಗೆ ಸೇರಿಸಿ, ನಡುಮನೆ, ಜಗಲಿ, ಹಿತ್ತಿಲ ಬಾವಿ ಎಲ್ಲವನ್ನೂ ಬೀಗರಿಗೆ ಬಿಟ್ಟುಕೊಡುತ್ತಿದ್ದರು. ದನದ ಕೊಟ್ಟಿಗೆ ಅಡುಗೆಯ ಶಾಲೆಯಾಗುತ್ತಿತ್ತು, ಕಣ ಊಟದ ಪಂಕ್ತಿಯಾಗುತ್ತಿತ್ತು. ಮೂರನೆಯ ದಿನ ಎಲ್ಲ ಮೊದಲಿನಂತೆ. ಬಾಡಿಗೆ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಾಳೆ ತಮ್ಮ ಮಗಳ ಮದುವೆಗೆ ಅದೇ ಬೀದಿಯ ಇನ್ನೊಂದು ಮನೆ ಬಿಡದಿಯಾಗುತ್ತದೆ ಎಂಬ ನಂಬಿಕೆಯೇ ಸಾಕಿತ್ತು. ಈಗ ಛತ್ರದ ಕೋಣೆಯ ಬಾಗಿಲಿಗೆ ವರನ ಕೋಣೆ ಎಂಬ ಚೀಟಿ ಅಂಟಿಸುತ್ತಾರೆ, ಬಿಡದಿ ಎಂಬ ಮಾತು ಹಿರಿಯರ ಬಾಯಲ್ಲಿ ಮಾತ್ರ.

ಕರಾವಳಿಗೆ ಇಳಿದರೆ ಬೀಡು ತನ್ನ ಹಳೆಯ ಗತ್ತನ್ನು ಕಳೆದುಕೊಂಡಿಲ್ಲ. ತುಳುನಾಡಿನಲ್ಲಿ ಬೀಡು ಎಂದರೆ ಸೀಮೆಯ ಯಜಮಾನಿಕೆಯ ಮನೆ, ಬಲ್ಲಾಳರ ಅಥವಾ ಹೆಗ್ಗಡೆಯವರ ಮನೆ. ಧರ್ಮಸ್ಥಳದ ಹೆಗ್ಗಡೆಯವರ ನಿವಾಸ ಇಂದಿಗೂ ಬೀಡು, ಆ ಕ್ಷೇತ್ರದ ಕತೆ ಆರಂಭವಾಗುವುದೇ ನೆಲ್ಯಾಡಿ ಬೀಡಿನಿಂದ. ಉಡುಪಿಯಲ್ಲಿ ಬೀಡಿನಗುಡ್ಡೆ ಎಂಬ ಬಡಾವಣೆಯಿದೆ. ಅಲ್ಲಿ ಬೀಡಿಗೆ ಹಳೆ ಎಂಬ ವಿಶೇಷಣ ಬೇಕಾಗಲಿಲ್ಲ, ಏಕೆಂದರೆ ಯಜಮಾನರು ಬಿಟ್ಟು ಹೋಗಲಿಲ್ಲ.

ಹಳೇಬೀಡಿನವರ ಮುಂದೆ ಈಗ ಇನ್ನೊಂದು ಗೆರೆ ಬಿದ್ದಿದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಾಡಿಗೆಲ್ಲ ಹಿಗ್ಗು, ನನಗೂ. ಅದಕ್ಕೂ ಮೊದಲೇ, 2010ರ ಕಾನೂನು ತಿದ್ದುಪಡಿಯಿಂದ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಕಟ್ಟಡ ನಿಷೇಧದ ವಲಯ, ಅದರಾಚೆಯ 200 ಮೀಟರು ನಿಯಂತ್ರಣದ ವಲಯ. ಗುಡಿಗಳನ್ನು ಕಾಪಾಡಲು ಇಂಥ ನಿಯಮ ಬೇಕೇ ಬೇಕು, ಬಳಪದ ಕಲ್ಲಿನ ಆ ಕೆತ್ತನೆಯ ಪಕ್ಕ ಐದು ಮಹಡಿಯ ವಸತಿಗೃಹ ಏಳುವುದನ್ನು ಯಾರೂ ಬಯಸುವುದಿಲ್ಲ. ಆದರೆ ಒಂದೇ ಊರಿನಲ್ಲಿ ಹಲವು ಗುಡಿ, ಹಲವು ಬಸದಿ ಇದ್ದಾಗ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಮಗನ ಮದುವೆಗೆಂದು ಇನ್ನೊಂದು ಕೋಣೆ ಇಳಿಸಬೇಕಾದವನು, ಸೋರುವ ಹೆಂಚನ್ನು ತೆಗೆದು ತಾರಸಿ ಹಾಕಿಸಬೇಕಾದವಳು ಅನುಮತಿಗೆ ಅರ್ಜಿ ಹಿಡಿದು ಅಲೆಯಬೇಕು. ಏಳು ಶತಮಾನ ಆ ನೆಲದಲ್ಲಿ ಬಾಳುವೆಯನ್ನು ಹಿಡಿದಿಟ್ಟವರ ಮಕ್ಕಳು ಈ ಕಾಗದಗಳಲ್ಲಿ ಅತಿಕ್ರಮಣದಾರರಂತೆ ಕಾಣುತ್ತಾರೆ. ಇದು ಅನ್ಯಾಯ.

ಹಂಪಿಯಲ್ಲಿ ಇದರ ಪಾಠ ಈಗಾಗಲೇ ಆಗಿದೆ. ವಿರೂಪಾಕ್ಷನ ಮುಂದಿನ ರಥಬೀದಿಯ ಹಳೆಯ ಮಂಟಪಸಾಲುಗಳಲ್ಲಿ ಗೋಡೆಯೆಬ್ಬಿಸಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಿದರು. ಕಂಬಗಳು ಬರಿದಾಗಿ, ಛಾಯಾಚಿತ್ರಕ್ಕೆ ಚೆನ್ನಾಗಿ ಒದಗಿದವು. ಬಜಾರು ಎಂಬ ಹೆಸರು ಫಲಕದ ಮೇಲೆ ಉಳಿಯಿತು, ಕೊಡುಕೊಳ್ಳುವಿಕೆ ಹೋಯಿತು. ಸ್ಮಾರಕಕ್ಕೆ ಏನು ಲಾಭವಾಯಿತೆಂದು ಲೆಕ್ಕ ಕೊಡುವವರು ಬೀದಿಗೆ ಆದ ನಷ್ಟವನ್ನೂ ಬರೆದಿಡಬೇಕಿತ್ತು.

ಹಳೇಬೀಡಿಗೆ ಆಡಳಿತ ಯೋಜನೆ ಬರೆಯುವವರು ಗುಡಿಯ ನಕ್ಷೆಯ ಜೊತೆಗೆ ಊರಿನ ನಕ್ಷೆಯನ್ನೂ ಬರೆಯಲಿ: ಯಾವ ದಾರಿಯಲ್ಲಿ ದನ ಕೆರೆಗಿಳಿಯುತ್ತವೆ, ಯಾವ ಬಯಲಿನಲ್ಲಿ ರಾಗಿ ಒಕ್ಕುತ್ತಾರೆ, ಯಾವ ಗುಡಿಯ ಮುಂದೆ ಹಬ್ಬದ ಪೆಂಡಾಲು ಹಾಕುತ್ತಾರೆ, ಯಾವ ಮನೆಯ ಸೂರು ರಿಪೇರಿಗೆ ಕಾದಿದೆ. ಅನುಮತಿಯ ಅರ್ಜಿ ಹಳೇಬೀಡಿನಲ್ಲೇ, ಕನ್ನಡದಲ್ಲೇ, ನಿಗದಿತ ದಿನಗಳೊಳಗೆ ತೀರ್ಮಾನವಾಗಲಿ. ಹೊಯ್ಸಳೇಶ್ವರನ ಮುಂದೆ ಊರಿನ ಹೆಸರಿನ ಅರ್ಥ ಬರೆಯುವ ಸಂದರ್ಭ ಬಂದರೆ, ಹಾಳು ಎಂಬ ಮಾತನ್ನು ಕೈಬಿಟ್ಟು, ದೊರೆಗಳ ಹಳೆಯ ನೆಲೆ, ಇಂದಿನ ಜನರ ಊರು ಎಂದು ಬರೆಯಲಿ.